ಆಟಿಕೆ ಕಾರಿಗೆ ಟ್ರ್ಯಾಕ್ ಕಟ್ಟುವ ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ನಮ್ಮ ಮನೆ ಜಗಲಿಯಲ್ಲಿ ಶನಿವಾರ ಮಧ್ಯಾಹ್ನ ಬೀದಿಯ ಮಕ್ಕಳೆಲ್ಲ ಸೇರಿ ಕಾರಿನ ಟ್ರ್ಯಾಕ್ ಕಟ್ಟುತ್ತಾರೆ. ಶುರುವಾಗಿದ್ದು ನಮ್ಮ ಮಗಳ ಒಂದೇ ಒಂದು ಕಾರು ಮತ್ತು ಹೊಸ ಫ್ರಿಜ್ಜಿನ ಜೊತೆ ಬಂದ ರಟ್ಟಿನ ಪೆಟ್ಟಿಗೆಯಿಂದ. ಈಗ ಎಂಟು-ಹತ್ತು ಮಕ್ಕಳಾಗಿದ್ದಾರೆ. ಅವರನ್ನು ಕರೆದೊಯ್ಯಲು ಬರುವ ಅಪ್ಪ-ಅಮ್ಮಂದಿರು ಗೇಟಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯುತ್ತದೆ.

ಇದು ಬರೀ ಆಟ ಅಲ್ವಾ? ಕಲಿಯೋಕೆ ಏನಿದೆ ಇದರಲ್ಲಿ?

ಆಟವೇ. ಅದನ್ನು ಪಾಠ ಅಂತ ಕರೆದ ದಿನ ಮಕ್ಕಳು ಬರುವುದು ನಿಲ್ಲಿಸುತ್ತಾರೆ. ಆದರೆ ಒಂದು ಸಲ ಪಕ್ಕದಲ್ಲಿ ಕೂತು ನೋಡಿ.

ಹೋದ ತಿಂಗಳು ಆರು ವರ್ಷದ ಹುಡುಗನೊಬ್ಬ ಜಗಲಿ ಕಟ್ಟೆಯಿಂದ ಅಂಗಳಕ್ಕೆ ರಟ್ಟಿನ ದಾರಿ ಇಳಿಸಿದ. ನಡುವೆ ಒಂದು ಎಡ ತಿರುವು. ಕಾರು ಬಿಟ್ಟ. ತಿರುವಿನಲ್ಲಿ ನೇರ ಹೋಗಿ ತುಳಸಿಕಟ್ಟೆಗೆ ಬಡಿಯಿತು. ಮತ್ತೆ ಬಿಟ್ಟ, ಮತ್ತೆ ಅದೇ. ಮೂರನೇ ಸಲ ತಿರುವಿನ ಹೊರಗೆ ತನ್ನ ಚಪ್ಪಲಿ ಅಡ್ಡ ಇಟ್ಟ. ಕಾರು ಚಪ್ಪಲಿಗೆ ಬಡಿದು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಎದ್ದು ಹೋಗಿ ಪೆನ್ಸಿಲ್ ತಂದು ತಿರುವಿನ ಹೊರ ಅಂಚಿನ ಕೆಳಗೆ ಸಿಕ್ಕಿಸಿದ. ದಾರಿ ಒಳಕ್ಕೆ ವಾಲಿತು. ಕಾರು ನಯವಾಗಿ ತಿರುಗಿ ಕೆಳಗಿಳಿಯಿತು. "ಹೆಂಗೆ ಹೊಳೀತೋ ನಿಂಗೆ?" ಅಂತ ಕೇಳಿದ್ದಕ್ಕೆ, "ಆಗುಂಬೆ ಘಾಟೀಲಿ ರಸ್ತೆ ಹಿಂಗೇ ಇರ್ತದಲ್ಲ ಆಂಟಿ, ನಾನು ವಾಂತಿ ಮಾಡ್ಕೊಂಡಿದ್ನಲ್ಲ, ಅಲ್ಲಿ" ಅಂದ.

ರಸ್ತೆ ಕಟ್ಟುವ ಎಂಜಿನಿಯರುಗಳು ತಿರುವಿನ ಹೊರ ಅಂಚನ್ನು ಎತ್ತರಿಸುವುದು ಇದೇ ಕಾರಣಕ್ಕೆ. ವೇಗದಲ್ಲಿರುವ ಗಾಡಿಗೆ ನೇರ ಹೋಗುವುದೇ ಸುಲಭ. ಅದನ್ನು ತಿರುಗಿಸಲು ಒಳಗಡೆಗೆ ಒಂದು ತಳ್ಳು ಬೇಕು, ವಾಲಿದ ರಸ್ತೆ ಆ ತಳ್ಳನ್ನು ಕೊಡುತ್ತದೆ. ಆ ಹುಡುಗನಿಗೆ ಈ ವಿವರಣೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವನು ಕಾರು ಬಿದ್ದ ಜಾಗ ನೋಡಿದ, ಒಂದು ಉಪಾಯ ಮಾಡಿದ, ಅದು ಕೈಕೊಟ್ಟಿತು, ಬಿಟ್ಟು ಇನ್ನೊಂದು ಮಾಡಿದ. ನಾನು ಕಲಿಕೆ ಅಂತ ಕರೆಯುವುದು ಅಷ್ಟಕ್ಕೇ.

ಯಾವ ವಯಸ್ಸಿನಿಂದ ಶುರು ಮಾಡಬಹುದು?

ಮೂರು ವರ್ಷದೊಳಗಿನ ಮಕ್ಕಳಿಗೆ ಬೆಂಕಿಪೊಟ್ಟಣದ ಗಾತ್ರದ ಕಾರು ಬೇಡ. ಚಕ್ರ ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಅಪಾಯ. ಅವರಿಗೆ ಕೈತುಂಬ ಸಿಗುವ ಮರದ ಗಾಡಿ ಸಾಕು. ಚನ್ನಪಟ್ಟಣದ್ದು ಒಳ್ಳೆಯದು: ಆಲೆ ಮರದಿಂದ ಕಡೆದು ಅರಗಿನ ಬಣ್ಣ ಹಚ್ಚಿದ್ದು. ಪ್ಲಾಸ್ಟಿಕ್ಕಿನದು ಕೊಳ್ಳುವುದಾದರೆ ಡಬ್ಬದ ಮೇಲೆ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಜಾತ್ರೆಯಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಅನ್ನಬಹುದು. ನೀವು ನೋಡಿ.

ಮೂರು-ನಾಲ್ಕು ವರ್ಷಕ್ಕೆ ಒಂದು ಹಲಗೆ, ಅದರ ಒಂದು ತುದಿಗೆ ದಿಂಬು. ಐದರಿಂದ ಏಳಕ್ಕೆ ತಿರುವು, ಸೇತುವೆ, ಸುರಂಗ. ಎಂಟರ ಮೇಲೆ ಅಳತೆ, ಪಂದ್ಯ, ಲೂಪು (ಕಾರು ತಲೆಕೆಳಗಾಗಿ ಒಂದು ಸುತ್ತು ಹಾಕಿ ಬರುವ ಉಂಗುರದಂಥ ದಾರಿ). ಇದು ಅಂದಾಜು ಅಷ್ಟೇ. ನಮ್ಮಲ್ಲಿಗೆ ಬರುವ ಹನ್ನೆರಡರ ಹುಡುಗಿಯೊಬ್ಬಳಿಗೆ ಈಗಲೂ ಸುರಂಗವೆಂದರೆ ಪ್ರಾಣ.

ಸಾಮಾನು ಏನೇನು ಬೇಕು? ತುಂಬಾ ಖರ್ಚಾಗುತ್ತಾ?

ದಪ್ಪ ರಟ್ಟು, ಕತ್ತರಿ, ಅಗಲದ ಟೇಪು, ಹಳೆ ಪುಸ್ತಕಗಳು, ಬಟ್ಟೆಗೆ ಹಾಕುವ ಕ್ಲಿಪ್ಪು. ಸಾಕು.

ಮೊದಲ ಸಲ ಎಲ್ಲರೂ ಮಾಡುವ ತಪ್ಪು, ದಾರಿಯನ್ನು ಅಗಲ ಮಾಡುವುದು. ಸಣ್ಣ ಕಾರಿನ ಅಗಲ ಸುಮಾರು 3 ಸೆಂ.ಮೀ. ದಾರಿ 8 ಸೆಂ.ಮೀ. ಇದ್ದರೆ ಕಾರು ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಒಳಗಿನ ಅಗಲ 4ರಿಂದ 4.5 ಸೆಂ.ಮೀ., ಎರಡೂ ಬದಿ 2 ಸೆಂ.ಮೀ. ಅಂಚು ಇರಲಿ. ರಟ್ಟು ನೆಟ್ಟಗೆ ಮಡಚಬೇಕಾದರೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಒತ್ತಿ ಗೆರೆ ಎಳೆದು ಆಮೇಲೆ ಮಡಚಿ. ಎರಡು ತುಂಡು ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನದರ ಮೇಲೆ ಕೂರಬೇಕು, ಹೆಂಚು ಹೊದಿಸಿದ ಹಾಗೆ. ಉಲ್ಟಾ ಆದರೆ ಪ್ರತಿ ಜೋಡಣೆಯಲ್ಲೂ ಕಾರು ಎಡವುತ್ತದೆ.

ಉದ್ದಕ್ಕೆ ಸೀಳಿದ 2 ಇಂಚಿನ ಪಿವಿಸಿ ಪೈಪೂ ಆಗುತ್ತದೆ, ಆದರೆ ಸೀಳುವ ಕೆಲಸ ದೊಡ್ಡವರದು. ವೈರಿಂಗಿನವರು ಬಳಸುವ ಕೇಸಿಂಗ್ ಪಟ್ಟಿ ಕಾರಿಗೆ ಇಕ್ಕಟ್ಟು, ಗೋಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ತೋಟದ ಮನೆಯವರಾದರೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಇದ್ದೇ ಇದೆಯಲ್ಲ. ನಮ್ಮ ಅಜ್ಜನ ಮನೆಯಲ್ಲಿ ಗುಡ್ಡದ ಒರತೆಯಿಂದ ಬಚ್ಚಲ ತನಕ ಅಬ್ಬಿ ನೀರು ಬರುತ್ತಿದ್ದದ್ದು ಸೀಳಿ ತಿರುಳು ಕೆತ್ತಿದ ದಬ್ಬೆಯಲ್ಲೇ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಕವೆಗೋಲು ಸ್ವಲ್ಪ ಕುಸಿದರೂ ನೀರು ನಡುವಲ್ಲೇ ಚೆಲ್ಲುತ್ತಿತ್ತು, ಅಜ್ಜ ಬೈದುಕೊಳ್ಳುತ್ತ ಕೋಲು ಸರಿಮಾಡಲು ಗುಡ್ಡ ಹತ್ತುತ್ತಿದ್ದ. ಮಗಳು ಅದೇ ಥರದ ದಬ್ಬೆಯಲ್ಲಿ ಕಾರು ಬಿಟ್ಟಾಗ ನನಗೆ ಅಜ್ಜನ ಬೈಗುಳ ನೆನಪಾಯಿತು.

ಅಂಗಡಿಯ ಕಿತ್ತಳೆ ಟ್ರ್ಯಾಕ್ ಸೆಟ್ ಕೊಡಿಸಿದರೆ ಆಗಲ್ವಾ?

ಕೊಡಿಸಿ, ತಪ್ಪೇನಿಲ್ಲ. ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂದದ್ದು 1968ರಲ್ಲಿ, ಅಮೆರಿಕದಲ್ಲಿ. ಚಕ್ರ ಕೂರುವ ತೆಳು ಅಚ್ಚು, ಹೆಚ್ಚು ತಿಕ್ಕಾಟವಿಲ್ಲದ ಚಕ್ರ, ಬಾಗುವ ಕಿತ್ತಳೆ ಪಟ್ಟಿ. ಅದಕ್ಕೂ ಮೊದಲು, 1953ರಿಂದ, ಇಂಗ್ಲೆಂಡಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ ಕಾರುಗಳಿದ್ದವು. ಅದರ ಪಾಲುದಾರ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಅನ್ನುವ ನಿಯಮವಿತ್ತಂತೆ. ಹೆಸರು ಬಂದದ್ದು ಹಾಗೆ.

ಸೆಟ್ಟಿನ ತೊಂದರೆ ಬೇರೆ. ಅದು ಮೊದಲ ಸಲವೇ ಸರಿಯಾಗಿ ಓಡುತ್ತದೆ. ಡಬ್ಬದ ಮೇಲಿನ ಚಿತ್ರದ ಹಾಗೆ ಜೋಡಿಸಿದರೆ ಮುಗಿಯಿತು, ಮೂರನೇ ದಿನ ಮಂಚದ ಕೆಳಗೆ. ನನ್ನ ಸಲಹೆ ಕೇಳಿದರೆ, ಸೆಟ್ ಬೇಡ, ಬಿಡಿ ಪಟ್ಟಿ ಸಿಕ್ಕಿದರೆ ತನ್ನಿ. ಅದಕ್ಕೆ ರಟ್ಟು, ದಬ್ಬೆ, ಪುಸ್ತಕ ಸೇರಿಸಿಕೊಳ್ಳಲಿ.

ಲೂಪ್‌ನಲ್ಲಿ ಕಾರು ಯಾವಾಗಲೂ ಬೀಳುತ್ತೆ. ಯಾಕೆ?

ಎತ್ತರ ಸಾಲುತ್ತಿಲ್ಲ. ತೊಂಬತ್ತು ಪಾಲು ಇದೇ ಕಾರಣ.

ಬಾವಿಕಟ್ಟೆಯ ಹತ್ತಿರ ನೀರು ತುಂಬಿದ ಸಣ್ಣ ಬಕೆಟ್ಟನ್ನು ತಲೆ ಮೇಲಿಂದ ಗಿರಗಿರನೆ ತಿರುಗಿಸಿದವರಿಗೆ ಇದು ಗೊತ್ತು. ಜೋರಾಗಿ ತಿರುಗಿಸಿದರೆ ಒಂದು ಹನಿಯೂ ಚೆಲ್ಲುವುದಿಲ್ಲ, ಅಳುಕಿ ನಿಧಾನ ಮಾಡಿದರೆ ತಲೆಸ್ನಾನ. ಲೂಪಿನ ನೆತ್ತಿಯಲ್ಲಿ ಕಾರಿಗೂ ಅದೇ ಪಾಡು. ಅಲ್ಲಿ ಕನಿಷ್ಠ ಒಂದು ವೇಗ ಉಳಿದಿರಬೇಕು, ಆ ವೇಗ ಬರುವುದು ಹೊರಟ ಎತ್ತರದಿಂದ. ತಿಕ್ಕಾಟವೇ ಇಲ್ಲ ಅಂದುಕೊಂಡು ಲೆಕ್ಕ ಹಾಕಿದರೆ, ಕಾರು ಹೊರಡುವ ಜಾಗ ಲೂಪಿನ ತಳದಿಂದ ಅದರ ತ್ರಿಜ್ಯದ ಎರಡೂವರೆ ಪಟ್ಟು ಮೇಲಿರಬೇಕು. ಅಂದರೆ 20 ಸೆಂ.ಮೀ. ಅಗಲದ ಲೂಪಿಗೆ 25 ಸೆಂ.ಮೀ. ಲೂಪಿನ ಎತ್ತರವೇ 20, ಅದಕ್ಕಿಂತ ಬರೀ 5 ಸೆಂ.ಮೀ. ಮೇಲೆ ಸಾಕು ಅಂತ ಪುಸ್ತಕ ಹೇಳುತ್ತದೆ. ನಮ್ಮ ಜಗಲಿ ಹೇಳುವುದೇ ಬೇರೆ. ರಟ್ಟು ಅದುರುತ್ತದೆ, ಚಕ್ರ ಉಜ್ಜುತ್ತದೆ, ಲೂಪು ತಾನೇ ಹಿಂದಕ್ಕೆ ಬಾಗಿ ಕಾರಿನ ಶಕ್ತಿಯನ್ನು ನುಂಗುತ್ತದೆ. ನಮಗೆ 40 ಸೆಂ.ಮೀ. ಬೇಕಾಯಿತು, ಲೂಪಿನ ಎರಡೂ ಪಕ್ಕಕ್ಕೆ ಇಟ್ಟಿಗೆ ಆನಿಸಬೇಕಾಯಿತು.

ಈ ಎರಡೂವರೆ ಪಟ್ಟಿನ ಲೆಕ್ಕವನ್ನು ಮೊದಲೇ ಹೇಳಿಬಿಡಬೇಡಿ. ಒಂದೊಂದೇ ಪುಸ್ತಕ ಸೇರಿಸುತ್ತ ಹೋಗಲಿ. ಏಳನೇ ಪುಸ್ತಕಕ್ಕೆ ನೆತ್ತಿಯಿಂದ ಬೀಳುತ್ತಿದ್ದ ಕಾರು ಎಂಟನೆಯದಕ್ಕೆ ಸುತ್ತಿ ಹೊರಬಂದಾಗ ಅವರು ಕಿರುಚುವ ಕಿರುಚಿಗೆ ಪಕ್ಕದ ಮನೆಯವರು ಓಡಿ ಬರುತ್ತಾರೆ.

ಭಾರದ ಕಾರೇ ಗೆಲ್ಲೋದಲ್ವಾ?

ಮಕ್ಕಳೆಲ್ಲ ಹಾಗೆಯೇ ಅಂದುಕೊಂಡಿರುತ್ತಾರೆ, ದೊಡ್ಡವರೂ. ಭಾರ ಹೆಚ್ಚಿದರೆ ಭೂಮಿ ಜೋರಾಗಿ ಎಳೆಯುತ್ತದೆ, ನಿಜ. ಆದರೆ ಭಾರದ ವಸ್ತುವಿಗೆ ವೇಗ ಹಿಡಿಸುವುದೂ ಅಷ್ಟೇ ಕಷ್ಟ. ಎರಡೂ ಒಂದಕ್ಕೊಂದು ವಜಾ. ಗೆಲಿಲಿಯೊ ಇದನ್ನೇ ಇಳಿಜಾರಿನ ಮೇಲೆ ನೋಡಿದ್ದು. ಮೇಲಿನಿಂದ ನೇರ ಬಿದ್ದ ವಸ್ತುವನ್ನು ಅಳೆಯಲು ಅವನ ಕಾಲದಲ್ಲಿ ಗಡಿಯಾರವಿರಲಿಲ್ಲ. ಅದಕ್ಕೇ ಮರದ ತೊಲೆಯಲ್ಲಿ ನುಣುಪಾದ ಕಾಲುವೆ ಕೊರೆದು ಕಂಚಿನ ಗುಂಡು ಉರುಳಿಸಿದ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಹೊತ್ತು ಲೆಕ್ಕ ಹಾಕಿದ. 1638ರ ಅವನ ಪುಸ್ತಕದಲ್ಲಿ ಇದರ ವಿವರವಿದೆ. ಮೊದಲ ಗಳಿಗೆಯಲ್ಲಿ 1 ಪಾಲು ಉರುಳಿದ ಗುಂಡು ಮುಂದಿನ ಅಷ್ಟೇ ಹೊತ್ತಿನಲ್ಲಿ 3, ಆಮೇಲೆ 5, ಆಮೇಲೆ 7. ಅದೂ ಒಂದು ಟ್ರ್ಯಾಕೇ ತಾನೆ.

ಆದರೂ ಹತ್ತು ರೂಪಾಯಿ ನಾಣ್ಯ ಅಂಟಿಸಿದ ಕಾರು ಜಗಲಿಯಲ್ಲಿ ಸ್ವಲ್ಪ ಮುಂದೆ ಹೋಗುವುದುಂಟು. ಎದುರು ಗಾಳಿಯ ತಡೆ ಭಾರ ನೋಡಿ ಹೆಚ್ಚುವುದಿಲ್ಲ, ಆಕಾರ ನೋಡಿ ಹೆಚ್ಚುತ್ತದೆ. ಹಾಗಾಗಿ ಭಾರದ ಕಾರಿಗೆ ಅದರ ಕಾಟ ಕಡಿಮೆ. ಅದೇ ನಾಣ್ಯವನ್ನು ಒಂದು ಪಕ್ಕಕ್ಕೆ ಅಂಟಿಸಿದರೆ ಕಾರು ಅಂಚಿಗೆ ಉಜ್ಜಿಕೊಂಡು ಸೋಲುತ್ತದೆ. "ಯಾವಾಗಲೂ" ಅನ್ನುವ ಮಾತನ್ನು ಮಕ್ಕಳು ತಾವಾಗಿಯೇ ಬಿಡುವುದು ಇಂಥ ಕಡೆಯಲ್ಲಿ.

ನೇರ ಟ್ರ್ಯಾಕೇ ಬೇಗ ಮುಟ್ಟಿಸೋದು, ಅಲ್ವಾ?

ಅಲ್ಲ! ನನಗೆ ಎಲ್ಲಕ್ಕಿಂತ ಇಷ್ಟವಾದ ಪಂದ್ಯ ಇದು. ಒಂದೇ ಎತ್ತರದಿಂದ ಒಂದೇ ಜಾಗಕ್ಕೆ ಎರಡು ದಾರಿ: ಒಂದು ನೆಟ್ಟಗೆ, ಇನ್ನೊಂದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ನಡುವೆ ಜೋತುಬಿದ್ದದ್ದು. ಜೋತುಬಿದ್ದ ದಾರಿಯೇ ಉದ್ದ, ಆದರೂ ಅದರ ಮೇಲಿನ ಕಾರು ಮೊದಲು ಮುಟ್ಟುತ್ತದೆ. ಶುರುವಿನಲ್ಲೇ ಕಡಿದಾಗಿ ಇಳಿದು ವೇಗ ಗಳಿಸಿಕೊಂಡಿರುತ್ತದೆ, ಉಳಿದ ದಾರಿಯನ್ನು ಆ ವೇಗದಲ್ಲೇ ಓಡುತ್ತದೆ. ಹಾಗಾದರೆ ಅತಿ ಬೇಗ ಮುಟ್ಟಿಸುವ ಬಾಗು ಯಾವುದು? 1696ರಲ್ಲಿ ಯೊಹಾನ್ ಬರ್ನೌಲಿ ಇದನ್ನೇ ಯೂರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟ. ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಬಿಡಿಸಿದರು. ಉತ್ತರ: ಉರುಳುವ ಚಕ್ರದ ಅಂಚಿನ ಒಂದು ಚುಕ್ಕಿ ಗಾಳಿಯಲ್ಲಿ ಬಿಡಿಸುವ ಗೆರೆ, ಮಗುಚಿ ಹಾಕಿದ್ದು. ನಮ್ಮ ಮಕ್ಕಳಿಗೆ ಇದ್ಯಾವುದೂ ಬೇಡ. "ಮೋಸ, ಮೋಸ, ಅವಳು ತಳ್ಳಿದಳು" ಅಂತ ಹತ್ತು ಸಲ ಓಡಿಸಿ, ಹತ್ತು ಸಲವೂ ಅದೇ ಗೆದ್ದಾಗ ಸುಮ್ಮನಾದರು.

ಗಣಿತಕ್ಕೆ ಏನಾದ್ರೂ ಉಪಯೋಗ ಆಗುತ್ತಾ?

ಟೈಲ್ಸ್ ನೆಲ ಇದ್ದರೆ ಅಳತೆಪಟ್ಟಿಯೂ ಬೇಡ. ಮಗಳು ಹಾಲಿನಲ್ಲಿ ಎರಡು ಪುಸ್ತಕದ ಎತ್ತರದಿಂದ ಕಾರು ಬಿಟ್ಟಳು, ಎರಡು ಟೈಲ್ಸು ಚಿಲ್ಲರೆ ಹೋಯಿತು. ನಾಲ್ಕು ಪುಸ್ತಕಕ್ಕೆ ನಾಲ್ಕೂವರೆ. "ಎಂಟಕ್ಕೆ ಒಂಬತ್ತು ನೋಡು ಬೇಕಾದ್ರೆ" ಅಂದಳು. ಎಂಟಕ್ಕೆ ಬಂದದ್ದು ಐದು. ಮುಖ ಸಣ್ಣಗಾಯಿತು. ನಾನು ಬಾಯಿ ಬಿಡಲಿಲ್ಲ. ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಮತ್ತೊಂದು ಸಲ ಬಿಟ್ಟಳು. ದಾರಿ ಕಡಿದಾಗಿದ್ದರಿಂದ ನೆಲ ಮುಟ್ಟುವ ಜಾಗದಲ್ಲಿ ಕಾರಿನ ಮೂತಿ ಟಕ್ಕೆಂದು ಬಡಿಯುತ್ತಿತ್ತು. ಹಳೆ ಲಗ್ನಪತ್ರಿಕೆಯೊಂದನ್ನು ಬಾಗಿಸಿ ಅಲ್ಲಿ ಅಂಟಿಸಿದಳು. ಎಂಟೂವರೆ ಬಂತು.

ಎತ್ತರ ಎರಡು ಪಟ್ಟಾದರೆ ಸಮನೆಲದಲ್ಲಿ ಹೋಗುವ ದೂರವೂ ಸುಮಾರು ಎರಡು ಪಟ್ಟು, ಆದರೆ ವೇಗ ಎರಡು ಪಟ್ಟಾಗಲು ಎತ್ತರ ನಾಲ್ಕು ಪಟ್ಟಾಗಬೇಕು. ಇದನ್ನು ಹೈಸ್ಕೂಲಿನಲ್ಲಿ ಸೂತ್ರವಾಗಿ ಓದುವಾಗ ಅವಳಿಗೆ ಆ ಲಗ್ನಪತ್ರಿಕೆ ನೆನಪಾದರೆ ಸಾಕು.

ಅಂದಹಾಗೆ, ಹೆಚ್ಚಿನ ಸಣ್ಣ ಕಾರುಗಳು ನಿಜವಾದ ಕಾರಿನ 64ರಲ್ಲಿ ಒಂದು ಪಾಲು ಗಾತ್ರ. 7 ಸೆಂ.ಮೀ.ಯನ್ನು 64ರಿಂದ ಗುಣಿಸಿ: ಸುಮಾರು ನಾಲ್ಕೂವರೆ ಮೀಟರ್, ಬೀದಿಯಲ್ಲಿ ನಿಂತ ಕಾರಿನಷ್ಟೇ. ಇದನ್ನು ತಿಳಿದ ಹುಡುಗನೊಬ್ಬ ವೇಗವನ್ನೂ 64ರಿಂದ ಗುಣಿಸಿದ. ಅರ್ಧ ಮೀಟರ್ ಎತ್ತರದಿಂದ ಇಳಿದ ಕಾರು ತಿಕ್ಕಾಟವಿಲ್ಲದಿದ್ದರೆ ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿರುತ್ತದೆ. ಅವನ ಲೆಕ್ಕದಲ್ಲಿ ಅದು 700 ದಾಟಿತು. ವಾರವಿಡೀ ಬೀದಿ ತುಂಬ ಅದೇ ಸುದ್ದಿ.

ನಮ್ಮ ಮನೇಲಿ ಹುಡುಗಿ. ಅವಳಿಗೆ ಕಾರು ಯಾಕೆ?

ಈ ಪ್ರಶ್ನೆಗೆ ನಾನು ಉತ್ತರ ಕೊಡುವುದು ಬಿಟ್ಟಿದ್ದೇನೆ. ಜಗಲಿಗೆ ಬಂದು ಒಂದು ಪಂದ್ಯ ನೋಡಿ ಹೋಗಿ.

ಮಕ್ಕಳು ಜಗಳ ಆಡ್ತಾರಲ್ಲ?

ಆಡಲಿ. "ನಿನ್ನ ತಿರುವು ಕೆಟ್ಟದ್ದು" ಅಂದರೆ ಜಗಳ ಮುಗಿಯುವುದಿಲ್ಲ. "ಅಲ್ಲಿ ಅಂಚು ಗಿಡ್ಡ ಇದೆ ಮಾರಾಯ, ಅದಕ್ಕೇ ಹಾರ್ತದೆ" ಅಂದರೆ ಮುಗಿಯುತ್ತದೆ. ಇಳಿಜಾರು, ಏರು, ಅಂಚು, ಒರಟು, ನುಣುಪು, ಓರೆ, ಸಡಿಲ, ಬಿಗಿ: ಇಂಥ ಪದಗಳು ಬಾಯಿಗೆ ಬರುವುದು ಜಗಳ ಗೆಲ್ಲಬೇಕಾದಾಗಲೇ. ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದರೆ ಮಾತ್ರ ಮಧ್ಯೆ ಬನ್ನಿ. ತೀರಾ ಚಿಕ್ಕವರಿಗೆ ಕೆಲಸ ಬೇಕಲ್ಲ, ಗೇಟು ಕೀಪರ್ ಮಾಡಿ. ಕೆಂಪು ಕರ್ಚೀಫು ಕೊಟ್ಟರೆ ಅರ್ಧ ಗಂಟೆ ಕದಲುವುದಿಲ್ಲ.

ಅಪ್ಪ-ಅಮ್ಮ ಎಷ್ಟು ಸಹಾಯ ಮಾಡಬೇಕು?

ಕತ್ತರಿ, ಬ್ಲೇಡಿನ ಕೆಲಸ ಮಾಡಿಕೊಡಿ. ಅಲ್ಲಿಗೆ ನಿಲ್ಲಿಸಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ವರ್ಷದ ಒಂದು ಶುಕ್ರವಾರ ರಾತ್ರಿ ಮಗಳು ಮಲಗಿದ ಮೇಲೆ ಅವಳ ಸೊಟ್ಟಗಿದ್ದ ಟ್ರ್ಯಾಕನ್ನು ನಾವು ಗಂಡ-ಹೆಂಡತಿ ಕೂತು ಸರಿಮಾಡಿದೆವು. ಹನ್ನೊಂದೂವರೆ ತನಕ. ಜೋಡಣೆಗಳನ್ನೆಲ್ಲ ನುಣುಪು ಮಾಡಿ, ಕಂಬ ನೆಟ್ಟಗೆ ನಿಲ್ಲಿಸಿ, ಕಾರು ಒಂದು ಸಲವೂ ಬೀಳದ ಹಾಗೆ. ಬೆಳಿಗ್ಗೆ ಎದ್ದು ನೋಡಿದಳು, ಎರಡು ಸಲ ಕಾರು ಬಿಟ್ಟಳು, "ಚಂದ ಇದೆ ಅಮ್ಮಾ" ಅಂದು ಹೊರಗೆ ಹೋದಳು. ಆ ಟ್ರ್ಯಾಕನ್ನು ಮತ್ತೆ ಮುಟ್ಟಲೇ ಇಲ್ಲ. ಮಾಡಲು ಏನೂ ಉಳಿದಿರಲಿಲ್ಲವಲ್ಲ.

ಈಗ ನಾನು ಕೇಳುವುದು ಒಂದೇ: "ಎಲ್ಲಿ ಬಿತ್ತು?" ಯಾಕೆ ಬಿತ್ತು ಅಂತಲೂ ಕೇಳುವುದಿಲ್ಲ. ಯಾಕೆ ಅಂದರೆ ಪರೀಕ್ಷೆಯ ಹಾಗಾಗುತ್ತದೆ, ಹುಡುಗರು ಬಾಯಿಗೆ ಬಂದದ್ದು ಹೇಳಿ ಪಾರಾಗುತ್ತಾರೆ. ಎಲ್ಲಿ ಅಂದರೆ ಹೋಗಿ ನೋಡಲೇಬೇಕು. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರವನ್ನೂ ತಿರುವನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಹತ್ತು ವರ್ಷದವನೊಬ್ಬ ಚಿಕ್ಕವನಿಗೆ ಗದರುತ್ತಿದ್ದಾಗ ಕೇಳಿಸಿಕೊಂಡದ್ದು: "ಲೋ, ಎರಡೂ ಒಟ್ಟಿಗೆ ಎಳೀಬೇಡ್ವೋ."

ಟ್ರ್ಯಾಕ್ ಕಟ್ಟಿದ್ರೆ ಮೊಬೈಲ್ ಬಿಡ್ತಾರಾ?

ಭರವಸೆ ಕೊಡಲಾರೆ. ಕಾರು ಓಡುತ್ತಿರುವಷ್ಟು ಹೊತ್ತು ಕೇಳುವುದಿಲ್ಲ, ಅಷ್ಟು ಹೇಳಬಲ್ಲೆ. ಕೆಲವೊಮ್ಮೆ ಮೊಬೈಲೇ ಕೆಲಸಕ್ಕೆ ಬರುತ್ತದೆ. ಕಾರು ಹಾರಿಬೀಳುವುದನ್ನು ಸ್ಲೋ ಮೋಶನ್‌ನಲ್ಲಿ ಹಿಡಿದು ನೋಡಿದರೆ ಮೊದಲು ಎತ್ತಿದ್ದು ಮುಂದಿನ ಚಕ್ರವೋ ಹಿಂದಿನದೋ ಗೊತ್ತಾಗುತ್ತದೆ.

ಮನೆಯೆಲ್ಲ ರಟ್ಟು. ರಾತ್ರಿ ಎತ್ತಿಡಿಸಬೇಕಾ?

ಆದಷ್ಟು ಬೇಡ. ಅರ್ಧಕ್ಕೆ ನಿಂತ ಟ್ರ್ಯಾಕ್ ಬೆಳಿಗ್ಗೆ ಮಗುವನ್ನು ತಾನಾಗಿ ಕರೆಯುತ್ತದೆ. ಜಾಗ ಇಲ್ಲದಿದ್ದರೆ ಗೋಡೆಗೆ ಅಂಟಿಸಿ ಇಳಿಸುವ ಟ್ರ್ಯಾಕ್ ಮಾಡಿಸಿ, ಬಾಡಿಗೆ ಮನೆಯಾದರೆ ಬಣ್ಣ ಕೀಳದ ಕಾಗದದ ಟೇಪು ಬಳಸಿ.

ಶಾಲೆಯಲ್ಲಿ, ಮೂವತ್ತು ಮಕ್ಕಳ ಜೊತೆ ಮಾಡಬಹುದಾ?

ಮಾಡಬಹುದು. ನಾಲ್ಕು-ನಾಲ್ಕು ಜನರ ಗುಂಪು, ಗುಂಪಿಗೆ ಒಂದೇ ಕಾರು, ಒಂದು ರಟ್ಟಿನ ಪೆಟ್ಟಿಗೆ. ಎಲ್ಲರಿಗೂ ಒಂದೊಂದು ಕಾರು ಕೊಟ್ಟರೆ ಯಾರೂ ಟ್ರ್ಯಾಕ್ ಕಟ್ಟುವುದಿಲ್ಲ, ಬರೀ ಡಿಕ್ಕಿ ಹೊಡೆಸುತ್ತಾರೆ.

ವೇಗದ ಪಂದ್ಯ ಇಡಬೇಡಿ, ನಿಧಾನದ ಪಂದ್ಯ ಇಡಿ. ಬೆಂಚಿನ ಎತ್ತರದಿಂದ ನೆಲಕ್ಕೆ ಅತಿ ಹೆಚ್ಚು ಹೊತ್ತು ತೆಗೆದುಕೊಂಡು ಇಳಿಯುವ ಕಾರು ಗೆದ್ದಂತೆ, ನಡುವೆ ನಿಂತರೆ ಔಟು. ಮೊದಲು ಎಲ್ಲರೂ ಇಳಿಜಾರು ಕಡಿಮೆ ಮಾಡುತ್ತಾರೆ, ಕಾರು ನಿಂತುಬಿಡುತ್ತದೆ. ಆಮೇಲೆ ಕೆಲವರು ಗೋಣಿಚೀಲದ ತುಂಡು ಹಾಸಿ ದಾರಿಯನ್ನು ಒರಟು ಮಾಡುತ್ತಾರೆ. ಕೊನೆಗೆ ಯಾವುದೋ ಒಂದು ಗುಂಪು ದಾರಿಯನ್ನೇ ಉದ್ದ ಮಾಡುತ್ತದೆ, ಬೆಂಚಿನ ಕಾಲಿನಿಂದ ಕಾಲಿಗೆ ಅಡ್ಡಡ್ಡ ತಿರುವು ಹಾಕಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಇರುವುದೂ ಇದಕ್ಕೇ: ಇಳಿಯಬೇಕಾದ ಎತ್ತರ ಅಷ್ಟೇ, ಅದನ್ನು ಉದ್ದದ ದಾರಿಗೆ ಹಂಚಿದರೆ ಬಸ್ಸಿಗೆ ತಾಳಿಕೊಳ್ಳುವ ಇಳಿಜಾರು ಸಿಗುತ್ತದೆ. ನಮ್ಮ ಜಗಲಿಯ ದಾಖಲೆ 19 ಸೆಕೆಂಡು. ಅದನ್ನು ಮುರಿಯಲು ಎರಡು ತಿಂಗಳಿಂದ ಪ್ರಯತ್ನ ನಡೆದಿದೆ.

ಮೊದಲು ಚೆನ್ನಾಗಿ ಓಡ್ತಿದ್ದ ಕಾರು ಈಗ ಓಡ್ತಿಲ್ಲ. ಹಾಳಾಯ್ತಾ?

ತಿರುಗಿಸಿ ನೋಡಿ. ಅಚ್ಚಿಗೆ ತಲೆಕೂದಲು ಸುತ್ತಿಕೊಂಡಿರುತ್ತದೆ. ನೆಲದ ಮೇಲೆ ಓಡುವ ಎಲ್ಲ ಕಾರಿಗೂ ಈ ರೋಗ ಬರುತ್ತದೆ. ಸೂಜಿಯಿಂದ ಎತ್ತಿ, ಸಣ್ಣ ಕತ್ತರಿಯಿಂದ ತುಂಡರಿಸಿ ಎಳೆಯಿರಿ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ, ಒಂದು ದಿನ ಓಡಿ ಮರುದಿನ ಧೂಳು ಹಿಡಿದು ಕೂರುತ್ತದೆ.